ವಿಡಿಯೋ ಏಕೆ ನಿಂತು ನಿಂತು ಬರುತ್ತದೆ?



ಪರದೆಯ ನಡುವೆ ಸಣ್ಣ ಚಕ್ರವೊಂದು ಸುತ್ತುತ್ತಾ ಚಿತ್ರ ನಿಂತುಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಸರ್ವರ್ ಸ್ಲೋ’. ಇದು ವೈದ್ಯರ ಮುಂದೆ ಕುಳಿತು ‘ಮೈಗೆ ಹುಷಾರಿಲ್ಲ’ ಎಂದಷ್ಟೇ ಹೇಳಿದಂತೆ. ಜ್ವರವೋ, ಹೊಟ್ಟೆನೋವೋ, ನಿದ್ದೆಗೆಟ್ಟದ್ದೋ ಎಂಬುದು ಅದರಿಂದ ತಿಳಿಯದು. ತೆರೆಯ ಮೇಲಿನ ಮಾತುಕತೆಯಲ್ಲಿ ಲೆಕ್ಕ ಹಾಕಿ ತೋರಿಸುವಷ್ಟು ಬಿಡುವಿರುವುದಿಲ್ಲ. ಆ ಲೆಕ್ಕವನ್ನು ಇಲ್ಲಿ ಮಾಡೋಣ. ಒಂದು ಹಾಳೆ, ಒಂದು ಪೆನ್ಸಿಲು ಪಕ್ಕದಲ್ಲಿರಲಿ.

ಮೊದಲು ಟೆಲಿವಿಷನ್ನಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. 1975-76ರಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಉಪಗ್ರಹ ಕಳಿಸಿದ್ದು ಒಂದೇ ಸಂಕೇತ. ಹತ್ತು ಸೆಟ್ಟುಗಳು ಹಿಡಿದರೂ ಅಷ್ಟೇ, ಹತ್ತು ಲಕ್ಷ ಹಿಡಿದರೂ ಅಷ್ಟೇ, ಉಪಗ್ರಹಕ್ಕೆ ಆಯಾಸವಿಲ್ಲ. ಇಂದು ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ವಾಹಿನಿ ಬರುವುದೂ ಇದೇ ತತ್ವದಿಂದ. ವಿಡಿಯೋ ಸರ್ವರಿನ ಕೆಲಸ ಹಾಗಲ್ಲ. ಅದು ಪ್ರತಿಯೊಬ್ಬ ವೀಕ್ಷಕನಿಗೂ ಬೇರೆ ಎಲೆ ಹಾಕಿ ಬೇರೆಯಾಗಿ ಬಡಿಸಬೇಕು. ಪಂಕ್ತಿಯಲ್ಲಿ ಜನ ಹೆಚ್ಚಿದಷ್ಟೂ ಬಡಿಸುವವರ ಕಾಲು ಸೋಲುತ್ತದೆ.

ಭಾರತೀನಗರದ ಸುತ್ತಮುತ್ತಲಿನ ನಿಮಗೆ ಇನ್ನೊಂದು ಹೋಲಿಕೆ ಬೇಗ ಹಿಡಿಸೀತು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬರಲಿಲ್ಲವೆಂದರೆ ಕನ್ನಂಬಾಡಿ ಬರಿದಾಗಿದೆಯೆಂದೇ ಅರ್ಥವಲ್ಲ. ಅಣೆಕಟ್ಟೆಯಲ್ಲಿ ನೀರಿದ್ದೂ ನಾಲೆ ಹೂಳು ತುಂಬಿರಬಹುದು, ತೂಬು ಅರ್ಧವೇ ತೆರೆದಿರಬಹುದು, ಮೇಲಿನ ಗದ್ದೆಯವರು ಹೆಚ್ಚು ತಿರುಗಿಸಿಕೊಂಡಿರಬಹುದು. ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ ಎಷ್ಟು ಬಿಡುತ್ತದೋ ಕೊನೆಯವನಿಗೆ ಸಿಗುವುದು ಅಷ್ಟೇ. ವಿಡಿಯೋಗೂ ಇಂಥದೇ ದಾರಿಯುಂಟು: ಹಾರ್ಡ್ ಡಿಸ್ಕ್, ಮೆಮೊರಿ, ಪ್ರೊಸೆಸರ್, ಕೇಬಲ್, ಸ್ವಿಚ್, ವೈಫೈ, ಕೊನೆಗೆ ನಿಮ್ಮ ಕೈಲಿರುವ ಫೋನು. ದೋಷ ಹುಡುಕುವುದೆಂದರೆ ಈ ದಾರಿಯಲ್ಲಿ ಕಿರಿದಾದ ಜಾಗ ಯಾವುದೆಂದು ಅಳೆದು ನೋಡುವುದು.

ಈಗ ಉದಾಹರಣೆಗೆ ಬರೋಣ. ಊರಿನ ಕಾಲೇಜೊಂದರ ಕಂಪ್ಯೂಟರ್ ಕೊಠಡಿಯಲ್ಲಿ, ಪಾಠಗಳನ್ನು ಚಿತ್ರೀಕರಿಸಿ ಹಳೆಯದೊಂದು ಯಂತ್ರದಲ್ಲಿ ತುಂಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅರವತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಫೋನಿನಲ್ಲಿ ಅವನ್ನು ನೋಡಬೇಕು. ಚಿತ್ರ 1080ಪಿ, ಒಬ್ಬೊಬ್ಬರಿಗೂ ಸೆಕೆಂಡಿಗೆ 4 ಮೆಗಾಬಿಟ್ ಬೇಕು. ಅರವತ್ತು ಗುಣಿಸು ನಾಲ್ಕು, 240 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್ ಆದುದರಿಂದ ಇದು ಸೆಕೆಂಡಿಗೆ 30 ಮೆಗಾಬೈಟ್. (ಬಿಟ್ಟು, ಬೈಟುಗಳನ್ನು ಅದಲುಬದಲು ಮಾಡಿದರೆ ಉತ್ತರ ಎಂಟು ಪಟ್ಟು ತಪ್ಪುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅಂಗಡಿಯಲ್ಲಿ ಹಣ ಹೋಗುತ್ತದೆ.)

ಇಪ್ಪತ್ತು ಮಂದಿ ನೋಡುವವರೆಗೆ ಎಲ್ಲವೂ ಸುಗಮ. ಇಪ್ಪತ್ತೈದರ ಹತ್ತಿರ ಬರುತ್ತಲೇ ಎಲ್ಲರಿಗೂ ಚಕ್ರ ಸುತ್ತತೊಡಗುತ್ತದೆ ಎನ್ನೋಣ. ಈ ಲಕ್ಷಣವೇ ಒಂದು ಸುಳಿವು. ಇಪ್ಪತ್ತೈದು ಗುಣಿಸು ನಾಲ್ಕು ಎಂದರೆ 100. ಎಲ್ಲೋ ಒಂದು ಕಡೆ ದಾರಿಯ ಅಗಲ 100 ಮೆಗಾಬಿಟ್ ಇದೆ! ಯಂತ್ರವೂ ಸ್ವಿಚ್ಚೂ ಗಿಗಾಬಿಟ್ ಎಂದರೆ 1000 ಮೆಗಾಬಿಟ್‌ನವೇ ಆಗಿದ್ದರೆ ಕೇಬಲ್ಲನ್ನು ನೋಡಿ. ನೆಟ್‌ವರ್ಕ್ ಕೇಬಲ್ಲಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು; 100 ಮೆಗಾಬಿಟ್‌ಗೆ ಎರಡೇ ಸಾಕು. ತುದಿಯ ಪ್ಲಗ್ಗಿನಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲದಿದ್ದರೆ ಎರಡೂ ಯಂತ್ರಗಳು ಯಾರಿಗೂ ಹೇಳದೆ 100ಕ್ಕೆ ಇಳಿದು ಕೆಲಸ ಮಾಡುತ್ತಿರಬಹುದು. ದೀಪ ಮಿನುಗುತ್ತಲೇ ಇರುತ್ತದೆ, ಫೈಲುಗಳೂ ಹೋಗುತ್ತವೆ, ಸಂಶಯವೇ ಬಾರದು. ಹೊಸ ಸರ್ವರಿಗೆ ಕೊಟೇಶನ್ ತರಿಸುವ ಮೊದಲು ಆ ಪ್ಲಗ್ಗನ್ನು ಹೊಸದಾಗಿ ಕಟ್ಟಿಸಿ ನೋಡುವುದು ಒಳ್ಳೆಯದು.

ಲಕ್ಷಣ ಬೇರೆಯಾಗಿದ್ದರೆ? ಅರವತ್ತು ಜನರೂ ಒಂದೇ ಪಾಠ ನೋಡುವಾಗ ತೊಂದರೆಯಿಲ್ಲ, ಬೇರೆ ಬೇರೆ ಪಾಠ ತೆರೆದಾಗ ಮಾತ್ರ ನಿಲ್ಲುತ್ತದೆ ಎನ್ನಿ. ಆಗ ಡಿಸ್ಕಿನ ಮೇಲೆ ಕಣ್ಣಿಡಿ. ಒಂದೇ ಪಾಠವಾದರೆ ಅದನ್ನು ಒಮ್ಮೆ ಓದಿ ಮೆಮೊರಿಯಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಎಲ್ಲರಿಗೂ ಕೊಡಬಹುದು. ಬೇರೆ ಬೇರೆಯಾದರೆ, ತಿರುಗುವ ಡಿಸ್ಕಿನ ಹೆಡ್ ಅರವತ್ತು ಜಾಗಗಳ ನಡುವೆ ಓಡಾಡಬೇಕು. ಸಾಲಾಗಿ ಓದಿದರೆ ಇಂಥ ಡಿಸ್ಕು ಸೆಕೆಂಡಿಗೆ ನೂರಕ್ಕೂ ಹೆಚ್ಚು ಮೆಗಾಬೈಟ್ ಕೊಟ್ಟೀತು. ಆದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಎಂದರೆ ಸೆಕೆಂಡಿಗೆ ನೂರು ಹಾರಾಟ. ಒಂದು ಹಾರಾಟಕ್ಕೆ 64 ಕಿಲೋಬೈಟ್ ಮಾತ್ರ ಎತ್ತಿಕೊಂಡು ಬಂದರೆ ಸಿಕ್ಕಿದ್ದು ಆರು ಮೆಗಾಬೈಟ್ ಚಿಲ್ಲರೆ. ನಮಗೆ ಬೇಕಾದದ್ದು ಮೂವತ್ತು! ಒಂದೊಂದು ಸಲಕ್ಕೂ ದೊಡ್ಡ ತುಂಡನ್ನೇ ಓದುವಂತೆ ಮಾಡಿದರೆ, ಇಲ್ಲವೇ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಈ ಕಷ್ಟ ತೀರುತ್ತದೆ. ಲಿನಕ್ಸ್ ಯಂತ್ರವಾದರೆ ‘ಐಒಸ್ಟ್ಯಾಟ್’ ಎಂಬ ಆದೇಶವು ಡಿಸ್ಕು ಎಷ್ಟು ಹೊತ್ತು ಬಿಡುವಿಲ್ಲದೆ ದುಡಿಯುತ್ತಿದೆ ಎಂಬುದನ್ನು ತೋರಿಸುತ್ತದೆ.

ಮೆಮೊರಿಯ ವಿಷಯದಲ್ಲಿ ವಿದ್ಯಾರ್ಥಿಗಳು ಸುಮ್ಮನೆ ಗಾಬರಿಯಾಗುವುದುಂಟು. ‘ಖಾಲಿ ಮೆಮೊರಿ ಏನೂ ಉಳಿದಿಲ್ಲ’ ಎಂದು ಲಿನಕ್ಸ್ ತೋರಿಸಿದರೆ ಅದು ಬಹಳ ಸಲ ಒಳ್ಳೆಯ ಸುದ್ದಿಯೇ. ಓದಿದ ಫೈಲುಗಳನ್ನು ಮತ್ತೆ ಬೇಕಾದೀತೆಂದು ಅಲ್ಲಿ ಇಟ್ಟುಕೊಂಡಿದೆ. ಬೇರೆ ಕೆಲಸಕ್ಕೆ ಜಾಗ ಬೇಕಾದರೆ ಬಿಟ್ಟುಕೊಡುತ್ತದೆ. ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರುವ ‘ಸ್ವಾಪ್’ ಎಡೆಬಿಡದೆ ನಡೆಯುತ್ತಿದ್ದರೆ ಮಾತ್ರ ಚಿಂತಿಸಬೇಕು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಪ್ರೊಸೆಸರಿನ ಕಥೆ. ಇಬ್ಬರೇ ನೋಡುತ್ತಿದ್ದಾರೆ, ಆದರೂ ಚಿತ್ರ ಕುಂಟುತ್ತದೆ, ಯಂತ್ರದ ಫ್ಯಾನು ಜೋರಾಗಿ ಕೂಗುತ್ತದೆ. ‘ಟಾಪ್’ ಆದೇಶ ಕೊಟ್ಟು ನೋಡಿದರೆ ಪ್ರೊಸೆಸರಿಗೆ ಕಿಂಚಿತ್ತೂ ಬಿಡುವಿಲ್ಲ. ಕಾರಣವೇನು? ಈಗಿನ ಅನೇಕ ಫೋನುಗಳು ಜಾಗ ಉಳಿಸಲು ಎಚ್.265 ಎಂಬ ವಿಧಾನದಲ್ಲಿ ಚಿತ್ರೀಕರಿಸುತ್ತವೆ. ನೋಡುವವರ ಬ್ರೌಸರಿಗೆ ಅದು ಅರ್ಥವಾಗದಿದ್ದರೆ, ಕೆಲವು ಸರ್ವರ್ ತಂತ್ರಾಂಶಗಳು ನಿಂತ ನಿಲುವಿನಲ್ಲೇ ಅದನ್ನು ಹಳೆಯ ಎಚ್.264ಕ್ಕೆ ಪರಿವರ್ತಿಸಿ ಕೊಡಲು ಹೊರಡುತ್ತವೆ. ಇದು ಭಾರಿ ಗಣಿತದ ಕೆಲಸ. ಹಳೆಯ ಯಂತ್ರ ಇಂಥ ಒಂದೆರಡು ಪರಿವರ್ತನೆಗೇ ಏದುಸಿರು ಬಿಡುತ್ತದೆ. ಊಟಕ್ಕೆ ಕುಳಿತವರ ಎದುರು ಅಕ್ಕಿ ಬೀಸಲು ಹೊರಟಂತಾಯಿತು. ಯಾರೂ ನೋಡದ ರಾತ್ರಿ ಹೊತ್ತಿನಲ್ಲಿ ‘ಎಫ್‌ಎಫ್‌ಎಂಪೆಗ್’ ಎಂಬ ಉಚಿತ ತಂತ್ರಾಂಶದಿಂದ ಒಂದೇ ಸಲ ಪರಿವರ್ತಿಸಿ, ಮೂರು ಅಳತೆಗಳಲ್ಲಿ ಇಟ್ಟುಬಿಟ್ಟರೆ ಹಗಲು ಬಡಿಸುವ ಕೆಲಸವಷ್ಟೇ ಉಳಿಯುತ್ತದೆ.

ವಿಡಿಯೋ ಶುರುವಾಗಲು ಬಹಳ ಹೊತ್ತು ಹಿಡಿದು, ಆಮೇಲೆ ತಡೆಯಿಲ್ಲದೆ ಓಡಿದರೆ? ಎಂಪಿ4 ಫೈಲಿನಲ್ಲಿ ಪುಸ್ತಕದ ವಿಷಯಸೂಚಿಯಂಥ ಒಂದು ಭಾಗವಿದೆ. ಅದು ಕೆಲವು ಸಲ ಫೈಲಿನ ಕೊನೆಯಲ್ಲಿ ಬರೆಯಲ್ಪಟ್ಟಿರುತ್ತದೆ. ಅದು ಕೈಗೆ ಸಿಗುವ ತನಕ ಪ್ಲೇಯರ್ ಚಿತ್ರ ತೋರಿಸಲಾರದು. ‘ಫಾಸ್ಟ್‌ಸ್ಟಾರ್ಟ್’ ಎಂಬ ಆಯ್ಕೆ ಕೊಟ್ಟರೆ ಎಫ್‌ಎಫ್‌ಎಂಪೆಗ್ ಸೂಚಿಯನ್ನು ಮುಂದಕ್ಕೆ ತಂದಿಡುತ್ತದೆ.

ಇನ್ನು ವೈಫೈ. ಗಾಳಿಯಲ್ಲಿ ಇರುವುದು ಒಂದೇ ರಸ್ತೆ. ಎಲ್ಲರೂ ಸರದಿಯ ಮೇಲೆ ಬಳಸಬೇಕು. ಕಾರಿಡಾರಿನ ಆಚೆ ಕಂಬದ ಮರೆಯಲ್ಲಿ ಕುಳಿತವನ ಫೋನು ನಿಧಾನಗತಿಯಲ್ಲಿ ಮಾತಾಡುತ್ತದೆ, ಅವನ ಸರದಿ ಬೇಗ ಮುಗಿಯುವುದಿಲ್ಲ, ಉಳಿದವರು ಕಾಯುತ್ತಾರೆ. ಪರೀಕ್ಷಿಸುವ ವಿಧಾನ ಸುಲಭ. ಅದೇ ವಿಡಿಯೋವನ್ನು ಮೊದಲು ಸರ್ವರ್ ಯಂತ್ರದಲ್ಲೇ ನೋಡಿ. ಬಳಿಕ ಕೇಬಲ್ ಹಾಕಿದ ಇನ್ನೊಂದು ಕಂಪ್ಯೂಟರಿನಲ್ಲಿ, ಆಮೇಲೆ ವೈಫೈ ಪೆಟ್ಟಿಗೆಯ ಪಕ್ಕದಲ್ಲಿ, ಕೊನೆಗೆ ದೂರದ ಬೆಂಚಿನಲ್ಲಿ. ಎಲ್ಲಿ ಕೆಡುತ್ತದೋ ಅದರ ಹಿಂದಿನ ಹೆಜ್ಜೆಗೂ ಅದಕ್ಕೂ ನಡುವೆ ದೋಷವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಗಂಟೆ, ವೀಕ್ಷಕರ ಸಂಖ್ಯೆ, ಕಂಡ ಲಕ್ಷಣಗಳನ್ನು ಬರೆದಿಡಿ. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ದೇವರೇ ಹೇಳಬೇಕು.

ಒಂದು ಕೊಠಡಿಯ ಈ ಲೆಕ್ಕವನ್ನು ದೇಶದ ಅಳತೆಗೆ ಹಿಗ್ಗಿಸಿದರೆ ಏನಾಗುತ್ತದೆ? 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯುವುದನ್ನು ಇಸ್ರೋದ ಯೂಟ್ಯೂಬ್ ವಾಹಿನಿಯಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಒಬ್ಬರಿಗೆ 2 ಮೆಗಾಬಿಟ್ ಎಂದರೂ ಸೆಕೆಂಡಿಗೆ 1 ಕೋಟಿ 60 ಲಕ್ಷ ಮೆಗಾಬಿಟ್. ಬೆಂಗಳೂರಿನ ಒಂದು ಕಟ್ಟಡದಿಂದ ಇಷ್ಟನ್ನು ಹೊರಕ್ಕೆ ಕಳಿಸುವುದು ಆಗದ ಮಾತು. ಆದುದರಿಂದ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಮಾಡಿ, ಊರೂರಿನ ಬಳಿಯಿರುವ ಸರ್ವರುಗಳಲ್ಲಿ ಪ್ರತಿ ಇಡುತ್ತಾರೆ. ನಿಮಗೆ ಹತ್ತಿರದ್ದರಿಂದ ಬರುತ್ತದೆ. ಪ್ಲೇಯರು ಕೆಲವು ತುಂಡುಗಳನ್ನು ಕೂಡಿಟ್ಟುಕೊಂಡೇ ಆರಂಭಿಸುತ್ತದೆ. ಫೋನಿನಲ್ಲಿ ಬೌಲರ್ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯ ಟಿ.ವಿ.ಯಿಂದ ‘ಔಟ್’ ಎಂಬ ಕೂಗು ಕೇಳುವುದು ಈ ಕಾರಣದಿಂದ.

ಜನ ಬರುವುದಷ್ಟೇ ಅಲ್ಲ, ಹೋಗುವುದೂ ಅಪಾಯ. 2019ರ ಜುಲೈ 10ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ಆಡುತ್ತಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಒಟ್ಟಿಗೆ 2.53 ಕೋಟಿ ವೀಕ್ಷಕರಿದ್ದರು. ಅವರು ರನ್ ಔಟ್ ಆದರು. ಕೋಟಿಗಟ್ಟಲೆ ಬೆರಳುಗಳು ಹಿಂದಕ್ಕೆ ಹೋಗುವ ಗುಂಡಿ ಒತ್ತಿದವು. ವಿಡಿಯೋ ಸರ್ವರಿನ ಹೊರೆ ಇಳಿಯಿತು, ಆದರೆ ಅಷ್ಟೂ ಜನ ಮುಖಪುಟಕ್ಕೆ ಬಂದು ನಿಂತರು. ಮುಖಪುಟವನ್ನು ಸಿದ್ಧಪಡಿಸುವ ಸರ್ವರುಗಳೇ ಬೇರೆ. ಅವೂ ಆ ನೂಕುನುಗ್ಗಲಿಗೆ ತಯಾರಾಗಿರಬೇಕು. ದೊಡ್ಡವರಿಗೂ ಈ ಲೆಕ್ಕ ಏರುಪೇರಾಗುತ್ತದೆ: 2024ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ನೇರಪ್ರಸಾರ ಮಾಡಿದ ಟೈಸನ್–ಪಾಲ್ ಮುಷ್ಟಿಕಾಳಗದಲ್ಲಿ ಬಹಳ ಮಂದಿಗೆ ಚಿತ್ರ ನಿಂತು ನಿಂತು ಬಂತು.

ಅಳೆದು, ತಿದ್ದಿ, ದಾರಿಯೆಲ್ಲ ಸರಿಪಡಿಸಿದ ಮೇಲೂ ಸಾಲದೆ ಹೋದರೆ ಚಿತ್ರದ ಅಳತೆಯನ್ನು ಇಳಿಸಬೇಕು. ಇದರಲ್ಲಿ ಅವಮಾನವೇನಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಭಾರತದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಮೊಬೈಲಿಗೆ 480ಪಿಗಿಂತ ಹೆಚ್ಚು ಕೊಡಬಾರದೆಂದು ಕೆಲಕಾಲಕ್ಕೆ ಒಪ್ಪಿಕೊಂಡವು. ನಿಮ್ಮ ಗೆಳೆಯನ ಜೇಬಿನ ಲೆಕ್ಕವನ್ನೂ ಮಾಡಿ. 4 ಮೆಗಾಬಿಟ್‌ನಲ್ಲಿ 45 ನಿಮಿಷದ ಒಂದು ಪಾಠ ಸುಮಾರು 1.35 ಗಿಗಾಬೈಟ್. ದಿನಕ್ಕೆ ಒಂದೂವರೆ ಗಿಗಾಬೈಟಿನ ಪ್ಯಾಕ್ ಹಾಕಿಸಿಕೊಂಡು ಹಳ್ಳಿಯ ಮನೆಯಲ್ಲಿ ನೋಡುವವನಿಗೆ ಎರಡನೆಯ ಪಾಠವೇ ಇಲ್ಲ. ಅದನ್ನೇ 0.5 ಮೆಗಾಬಿಟ್‌ಗೆ ಇಳಿಸಿದರೆ ಸುಮಾರು 170 ಮೆಗಾಬೈಟ್; ದಿನಕ್ಕೆ ಎಂಟು ಪಾಠ. 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಸಂವೇದ’ ಪಾಠಗಳು ಚಂದನ ವಾಹಿನಿಯಲ್ಲಿ ಬಂದವು; ಡೇಟಾ ಇಲ್ಲದ ಮನೆಗೂ ಪಾಠ ತಲುಪಲು ಅದರಿಂದ ಸಾಧ್ಯವಾಯಿತು.

ಚಿತ್ರ ಸಣ್ಣದಾದಾಗ ಮೊದಲು ಮಸುಕಾಗುವುದು ಕಪ್ಪುಹಲಗೆಯ ಮೇಲಿನ ಅಕ್ಷರ. ಆದುದರಿಂದ ಚಿತ್ರೀಕರಿಸುವಾಗಲೇ ಹಲಗೆಯ ಒಂದು ಭಾಗವನ್ನಷ್ಟೇ ಚೌಕಟ್ಟಿನಲ್ಲಿ ಹಿಡಿಯಿರಿ. ಒಂದು ಸಲಕ್ಕೆ ನಾಲ್ಕೈದು ಸಾಲು ಸಾಕು, ದಪ್ಪ ಅಕ್ಷರದಲ್ಲಿ ಬರೆಯುವಂತೆ ಮೇಷ್ಟ್ರನ್ನು ಕೇಳಿಕೊಳ್ಳಿ. ಮೈಕನ್ನು ಅವರ ಅಂಗಿಗೇ ಸಿಕ್ಕಿಸಿ. ಚಿತ್ರ ಅರೆಕ್ಷಣ ನಿಂತರೂ ಪಾಠ ಮುಂದುವರಿದೀತು, ಮಾತು ಕೇಳದಿದ್ದರೆ ಆಗದು. ಧ್ವನಿಗೆ ಬೇಕಾದದ್ದಾದರೂ ಎಷ್ಟು? 64 ಕಿಲೋಬಿಟ್ ಕೊಟ್ಟರೆ ಮಾತು ಸ್ಪಷ್ಟವಾಗಿ ಕೇಳುತ್ತದೆ.