ಭೈರೋನ್ ಮಾರ್ಗದಲ್ಲಿ ಮೆಕ್ಕೆಕಟ್ಟಿನ ಉರುಗಳು

ದೆಹಲಿಯ ಸುಪ್ರೀಂ ಕೋರ್ಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಭೈರೋನ್ ಮಾರ್ಗ ಹಿಡಿದರೆ ಒಂದು ಕಡೆ ಪ್ರಗತಿ ಮೈದಾನದ ಹೊಸ ಕಟ್ಟಡಗಳ ಗಾಜು, ಕಾಂಕ್ರೀಟು. ಇನ್ನೊಂದು ಕಡೆ ಪುರಾನಾ ಕಿಲಾದ ಹಳೆಯ ಗೋಡೆ. ಇವೆರಡರ ನಡುವೆ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ತಲೆ ತಗ್ಗಿಸಿ ಕೂತಿದೆ. ಹೊಸಬರು ಗೇಟು ದಾಟಿ ಮುಂದೆ ನಡೆದುಬಿಡುವುದೇ ಹೆಚ್ಚು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಬೇಕೆಂದೇ ಹಾಗೆ ಕಟ್ಟಿದರು. ಕಣ್ಣು ಕುಕ್ಕುವ ಮುಂಭಾಗವಿಲ್ಲ. ಹೆಂಚಿನ ತಗ್ಗು ಮಾಡು, ಒಂದರಿಂದೊಂದಕ್ಕೆ ತೆರೆದುಕೊಳ್ಳುವ ಅಂಗಳಗಳು, ಮೇಲೆ ಆಕಾಶ. 1970ರ ದಶಕದಲ್ಲಿ ಶುರುವಾದ ಕಟ್ಟಡ ಪೂರ್ತಿಯಾಗುವಷ್ಟರಲ್ಲಿ 1990 ಬಂದಿತ್ತು. ಸೋಮವಾರ ಹೋದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ.

ಕಟ್ಟಡಕ್ಕಿಂತ ಸಂಗ್ರಹ ಹಳೆಯದು. 1950ರ ದಶಕದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯವರು ಊರೂರು ತಿರುಗಿ ಸಾಮಾನು ಕೂಡಿಹಾಕತೊಡಗಿದರು. ಆ ಮಂಡಳಿಯನ್ನು 1952ರಿಂದ ನಡೆಸಿದವರು ಕಮಲಾದೇವಿ ಚಟ್ಟೋಪಾಧ್ಯಾಯ, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಇವತ್ತು ಇಲ್ಲಿ ಮೂವತ್ತು ಸಾವಿರಕ್ಕೂ ಮೀರಿ ವಸ್ತುಗಳಿವೆ. ಎಲ್ಲವನ್ನೂ ನೋಡಿಯೇ ಹೋಗುತ್ತೇನೆಂದು ಹಟ ಹಿಡಿದರೆ ಯಾವುದನ್ನೂ ನೋಡಿದಂತಾಗದು. ನಾರು, ಬಿದಿರು, ಮರ ಈ ಮೂರನ್ನೇ ನೋಡುತ್ತೇನೆಂದು ನಿರ್ಧರಿಸಿ ಹೊರಟೆ. ಜವಳಿ ವಿಭಾಗದ ಸೀರೆಗಳ ಮುಂದೆ ನಿಂತ ಗುಂಪು ಬಿಟ್ಟುಕೊಟ್ಟ ಜಾಗ ನನಗೆ ಧಾರಾಳವಾಯಿತು.

ಮೊದಲು ಸಿಗುವುದು ಹಳ್ಳಿಯ ಭಾಗ. 1972ರ ಏಷ್ಯನ್ ವ್ಯಾಪಾರ ಮೇಳಕ್ಕೆಂದು ಬೇರೆ ಬೇರೆ ಸೀಮೆಯ ಮನೆಗಳನ್ನು ಇಲ್ಲಿ ಕಟ್ಟಿದ್ದರು. ಮೇಳ ಮುಗಿದರೂ ಮನೆಗಳು ಉಳಿದವು. ಮಣ್ಣಿನ ಗೋಡೆ, ಹುಲ್ಲಿನ ಮಾಡು ಚೆನ್ನಾಗಿಯೇ ಇದೆ. ಆದರೆ ಒಲೆ ಉರಿಯದ ಅಡುಗೆಮನೆಯಲ್ಲಿ ನನಗೆ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಬುಟ್ಟಿಗಳ ಮುಂದೆ ಮಾತ್ರ ಕಾಲು ಕೀಳಲಾಗಲಿಲ್ಲ. ಈಶಾನ್ಯದ ಬೆಟ್ಟಗಳಲ್ಲಿ ಹೊರೆಯನ್ನು ತಲೆಯ ಮೇಲಲ್ಲ, ಬೆನ್ನ ಮೇಲೆ ಹೊರುತ್ತಾರೆ. ಬುಟ್ಟಿಯ ಪಟ್ಟಿ ಹಣೆಗೆ ಬರುತ್ತದೆ. ಏರುದಾರಿಯಲ್ಲಿ ಎರಡೂ ಕೈ ಖಾಲಿ ಇರಬೇಕಲ್ಲ! ಹಾಗಾಗಿ ಖಾಸಿಗಳ ಬುಟ್ಟಿ ಕೆಳಗೆ ಚೂಪಾಗಿ, ಮೇಲೆ ಅಗಲವಾಗಿ ಬೆನ್ನಿಗೆ ಅಂಟಿ ಕೂರುವ ಆಕಾರದ್ದು. ಇನ್ನು ಕೆಲವು ಬುಟ್ಟಿಗಳ ಅಡಿ ಚೌಕ, ಬಾಯಿ ದುಂಡು. ಇದರ ಜಾಣತನ ಕಾಣಬೇಕಾದರೆ ಬಗ್ಗಿ ಅಡಿಯಿಂದ ನೋಡಿಕೊಂಡು ಬರಬೇಕು. ತಳದಲ್ಲಿ ಸೀಳುಗಳು ಒಂದನ್ನೊಂದು ನೇರ ಅಡ್ಡ ಹಾಯುವುದರಿಂದ ಚೌಕ ತಾನಾಗಿಯೇ ಬರುತ್ತದೆ. ಅವೇ ಸೀಳುಗಳನ್ನು ಮೇಲಕ್ಕೆ ಬಗ್ಗಿಸಿ ಸುತ್ತು ಹಾಕುತ್ತಾ ಹೋದಂತೆ ಮೂಲೆಯ ಕಡ್ಡಿಗಳನ್ನು ಒಂದಿಷ್ಟು, ಮತ್ತೊಂದಿಷ್ಟು ಅಗಲಿಸಬೇಕು. ಯಾವ ಸುತ್ತಿನಲ್ಲಿ ಮೂಲೆ ಹೋಯಿತು, ಎಲ್ಲಿ ದುಂಡು ಬಂತು ಎಂದು ಬೆರಳಿಟ್ಟು ತೋರಿಸಲು ಆಗಬಾರದು. ಹಾಗೆ ತೋರಿಸಲು ಆಯಿತೆಂದರೆ ಹೆಣಿಗೆ ಬಿಗಿ ತಪ್ಪಿದೆ ಎಂದೇ ಅರ್ಥ. ಭತ್ತ ಹೊರುವ ಬುಟ್ಟಿಯ ಹೆಣಿಗೆ ಕಾಳು ಸೋರದಷ್ಟು ಒತ್ತು. ಸೌದೆ ಹೊರುವುದಕ್ಕೆ ಆರು ಮೂಲೆಯ ದೊಡ್ಡ ಕಣ್ಣುಗಳು ಸಾಕು, ಬುಟ್ಟಿಯ ತೂಕವೂ ಉಳಿಯುತ್ತದೆ. ಮೀನು ಹಿಡಿಯುವ ಸಾಧನ ನಮ್ಮ ಮಲೆನಾಡಿನ ಕೂಣಿಯ ಒಡಹುಟ್ಟು. ಒಳಮುಖವಾಗಿ ಚೂಪು ಕಡ್ಡಿಗಳ ಕೊಳವೆ, ಹೋದ ಮೀನಿಗೆ ಹಿಂದಿರುಗುವ ದಾರಿಯಿಲ್ಲ.

ಒಂದು ಬುಟ್ಟಿಯ ಮೈಗೆ ಕಾಫಿ ಬಣ್ಣದ ಹೊಳಪಿತ್ತು. ಅದು ಬಣ್ಣ ಬಳಿದದ್ದಲ್ಲ, ವರ್ಷಾನುಗಟ್ಟಲೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದದ್ದು. ಹೊಗೆ ತಿಂದ ಬಿದಿರಿನ ಹತ್ತಿರ ಹುಳ ಸುಳಿಯುವುದಿಲ್ಲ.

ಅಂಗಳದಲ್ಲಿ ಕುಶಲಕರ್ಮಿಗಳು ಕೂತು ಕೆಲಸ ಮಾಡುತ್ತಾ ತಾವು ಮಾಡಿದ್ದನ್ನು ಮಾರುತ್ತಾರೆ. ಆವತ್ತು ತ್ರಿಪುರಾದ ಕಡೆಯ ಒಬ್ಬರು ಹಿರಿಯರು ಬಿದಿರು ಸೀಳುತ್ತಿದ್ದರು. ಹಸಿ ಗಳದ ತುದಿಗೆ ಕತ್ತಿ ಕಚ್ಚಿಸಿ ಒಂದು ಏಟು. ಆಮೇಲೆ ಕತ್ತಿಗೆ ಕೆಲಸವೇ ಇಲ್ಲ, ಹೆಬ್ಬೆರಳೇ ಸೀಳನ್ನು ಓಡಿಸುತ್ತದೆ. ಸೀಳು ಒಂದು ಪಕ್ಕಕ್ಕೆ ತೆಳುವಾಗತೊಡಗಿದರೆ ದಪ್ಪಗಿರುವ ಕಡೆಯನ್ನು ಹೆಚ್ಚು ಬಗ್ಗಿಸಬೇಕು, ಆಗ ಮತ್ತೆ ನಡುವಿಗೆ ಬರುತ್ತದೆ. ಹೊರಮೈಯ ಹಸಿರು ಸಿಪ್ಪೆಯ ಸೀಳು ಗಟ್ಟಿ, ಅದು ಅಂಚಿಗೆ. ಒಳಗಿನ ಬಿಳಿ ಭಾಗ ಮೆತ್ತಗೆ, ಅದು ನಡುವಿಗೆ. ನಮ್ಮ ಮೇದರ ಕೇರಿಯಲ್ಲೂ ಲೆಕ್ಕ ಇದೇ. ಅಂದಹಾಗೆ, ಇಷ್ಟು ಸಲೀಸಾಗಿ ಸೀಳಿಕೊಳ್ಳುವ ಈ ಹುಲ್ಲು 2017ರ ತನಕ ನಮ್ಮ ಅರಣ್ಯ ಕಾಯ್ದೆಯ ಪ್ರಕಾರ ಮರವಾಗಿತ್ತು. ತಿದ್ದುಪಡಿಯಾದ ಮೇಲಷ್ಟೇ ಕಾಡಿನಾಚೆ ಬೆಳೆದ ಬಿದಿರಿಗೆ ಆ ಪಟ್ಟಿಯಿಂದ ಬಿಡುಗಡೆ ಸಿಕ್ಕಿತು.

ನಾನು ದೆಹಲಿಯ ಬಿಸಿಲಿನಲ್ಲಿ ಇಷ್ಟು ದೂರ ಬಂದದ್ದು ಮುಖ್ಯವಾಗಿ ಭೂತಗಳನ್ನು ನೋಡಲಿಕ್ಕೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಸಾಲುಸಾಲಾಗಿ ಮರದ ಉರುಗಳಿವೆ, ಅಂದರೆ ಭೂತಗಳ ಮೂರ್ತಿಗಳು. ಈಗ ಅಲ್ಲಿ ಇರುವವು ಹೊಸವು. ಕಳೆದ ಶತಮಾನದಲ್ಲಿ ಜೀರ್ಣೋದ್ಧಾರವಾದಾಗ ಇಳಿಸಿದ ಹಳೆಯವುಗಳಲ್ಲಿ ಹಲವು ಈ ಸಂಗ್ರಹಾಲಯ ಸೇರಿದವು. ನಮ್ಮ ಕರಾವಳಿಯ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಮಳೆ, ಗೆದ್ದಲು ಸೇರಿ ಮರ ಮುಪ್ಪಾಗುತ್ತದೆ. ಹೊಸದು ಕೆತ್ತಿಸಿ ಶಕ್ತಿಯನ್ನು ಅದಕ್ಕೆ ದಾಟಿಸಿದ ಮೇಲೆ ಹಳೆಯದು ಬರೀ ಮರ.

ಬರೀ ಮರ ಎಂದು ಬಾಯಲ್ಲಿ ಹೇಳುವುದು ಸುಲಭ. ಆಳೆತ್ತರದ ಮೈ, ಉಬ್ಬಿದ ಕಣ್ಣು, ಇಣುಕುವ ಕೋರೆಹಲ್ಲು. ಬಣ್ಣ ಬಹುಪಾಲು ಉದುರಿ, ಕೆಂಪು ಕಪ್ಪುಗಳ ಗುರುತು ಬಿರುಕುಗಳಲ್ಲಿ ಸಿಕ್ಕಿಕೊಂಡಿದೆ. ಕಾಂಡದ ನೇರವೇ ಮೈಯ ನೇರ. ಬಳಕು, ಬಾಗು ಎಂಬುದಿಲ್ಲ. ಹೊಯ್ಸಳರ ಮದನಿಕೆಯ ಅಳತೆಗೋಲು ಹಿಡಿದು ಇವುಗಳ ಮುಂದೆ ನಿಂತವರು ಒರಟು ಎಂದು ಹೇಳಿ ಹೊರಟುಬಿಡುತ್ತಾರೆ. ಇವು ಹತ್ತಿರದಿಂದ, ಬೆಳಕಿನಲ್ಲಿ ನೋಡಲೆಂದು ಮಾಡಿದವಲ್ಲ. ಗುಡಿಯ ಕತ್ತಲಲ್ಲಿ, ಎಣ್ಣೆದೀಪ ಅಲುಗಿದಾಗ ಮೂಗಿನ ನೆರಳು ಕೆನ್ನೆಯ ಮೇಲೆ ಸರಿಯಬೇಕು. ಅದಕ್ಕೇ ಅಷ್ಟು ದೊಡ್ಡ ಮೂಗು, ಅಷ್ಟು ಹೊರಗೆ ಬಂದ ಕಣ್ಣುಗುಡ್ಡೆ. ಸಂಗ್ರಹಾಲಯದ ಸಮ ಬೆಳಕಿನಲ್ಲಿ ಕೆತ್ತಿದವನ ಅರ್ಧ ಲೆಕ್ಕ ಕೆಟ್ಟುಹೋಗುತ್ತದೆ. ಆದರೂ ನನ್ನ ಪಕ್ಕ ನಿಂತಿದ್ದ ಶಾಲೆಯ ಹುಡುಗಿ ಗೆಳತಿಯ ಕೈ ಹಿಡಿದುಕೊಂಡಳು. ಉಳಿದರ್ಧ ಕೆಲಸ ಮಾಡುತ್ತಿದೆ.

ಕೆತ್ತಿದವನು ಯಾರು? ಆಚಾರಿಯೊ, ಗುಡಿಗಾರನೊ, ಹೆಸರಿಲ್ಲ. ಬುಟ್ಟಿಗಂತೂ ಆ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಇದೇ ಕರಾವಳಿಯಲ್ಲಿ ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆದುಕೊಟ್ಟ ಕೊರಗರನ್ನು ನಾವು ಅಂಗಳದಾಚೆಯೇ ನಿಲ್ಲಿಸಿದವರು. ಅವರಿಂದ ಮಾಡಿಸುತ್ತಿದ್ದ ಅಜಲು ಎಂಬ ಅವಮಾನಕರ ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾನೂನೇ ಬೇಕಾಯಿತು. ಹೆಣೆದವರ ಹೆಸರು ಬರೆದಿಡುವ ಯೋಚನೆ ಬರುವ ಸಮಾಜವಾಗಿರಲಿಲ್ಲ ಅದು.

ಮಾಡಿದವರ ಹೆಸರು ಬರೆದಿಡುವ ಜಾಗವೂ ಹತ್ತಿರದಲ್ಲೇ ಇದೆ. ಇಲ್ಲಿಂದ ಇಂಡಿಯಾ ಗೇಟಿನತ್ತ ನಡೆದರೆ ಜೈಪುರ ಹೌಸ್, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 2015ರ ಜನವರಿಯ ಕೊನೆಗೆ ಅಲ್ಲಿ ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ದೊಡ್ಡ ಪ್ರದರ್ಶನ ಶುರುವಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇವರು ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿಯವರ ಮಗಳು. ತಾಯಿ ಲೀಲಾ ಮರದ ಶಿಲ್ಪಿ. ಮಗಳು ಕೈಗೆತ್ತಿಕೊಂಡದ್ದು ಸೆಣಬಿನ ಹಗ್ಗ. ಮಗ್ಗವಿಲ್ಲ, ಮೊದಲೇ ಬರೆದ ನಕ್ಷೆಯಿಲ್ಲ. ಹಗ್ಗಕ್ಕೆ ಬಣ್ಣ ಹಾಕಿ ಗಂಟಿನ ಮೇಲೆ ಗಂಟು ಹಾಕುತ್ತಾ ಮಡಿಕೆ, ಜೋಲು, ಬಾಯಿ ಎಲ್ಲ ಮೂಡಿಸುತ್ತಿದ್ದರು. ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಇಟ್ಟ ಹೆಸರುಗಳು ರುದ್ರ, ದೇವಿ, ಯಕ್ಷಿ, ವನಶ್ರೀ. ಮೆಕ್ಕೆಕಟ್ಟಿನಲ್ಲಿ ದೈವತ್ವ ಕಳಚಿ ಮರ ಉಳಿಯಿತು. ಇವರು ಹಗ್ಗದಂಗಡಿಯ ಸರಕಿನಿಂದ ದೈವವನ್ನು ಎಬ್ಬಿಸಿದರು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇವರ ಕೃತಿಗಳ ಪ್ರದರ್ಶನ ಏರ್ಪಡಿಸಿತು.

ಬರೋಡದಲ್ಲಿ ಮೃಣಾಲಿನಿಯವರಿಗೆ ಕಲಿಸಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅದಕ್ಕೂ ಮುಂಚೆ ಮುಂಬಯಿಯ ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸ ಮಾಡಿದ್ದವರು. ಆ ಕೇಂದ್ರ, ಈ ಸಂಗ್ರಹಾಲಯ ಎರಡೂ ಸ್ವಾತಂತ್ರ್ಯದ ಬೆನ್ನಿಗೆ ಸರಕಾರ ಕೈಕೆಲಸಕ್ಕೆಂದು ಹಾಕಿಕೊಂಡ ಯೋಜನೆಗಳ ಮಕ್ಕಳು. ಬೇರು ಅಷ್ಟು ಹತ್ತಿರವಿದ್ದೂ ಹಗ್ಗದ ಯಕ್ಷಿಗೆ ಜೈಪುರ ಹೌಸ್, ಮರದ ಭೂತಕ್ಕೆ ಭೈರೋನ್ ಮಾರ್ಗ. ಒಂದು ಕಲೆ, ಒಂದು ಕರಕುಶಲ. ಎರಡನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸುವವರಿದ್ದರೆ ನಾನು ಟಿಕೆಟ್ ತೆಗೆದುಕೊಂಡು ಮೊದಲ ಸಾಲಿನಲ್ಲಿರುತ್ತೇನೆ. ಯಕ್ಷಿ ಗೆಲ್ಲುತ್ತಾಳೆಂದು ಬಾಜಿ ಕಟ್ಟಲಾರೆ.

ಹೊರಡುವಾಗ ಅಂಗಳದ ಹಿರಿಯರ ಬಳಿ ಒಂದು ಬುಟ್ಟಿ ಆರಿಸಿದೆ. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡುವ ಮುಖ ನನಗಿರಲಿಲ್ಲ. ಎಷ್ಟು ವರ್ಷ ಬರುತ್ತದೆ ಬಾಬಾ ಎಂದು ಕೇಳಿದೆ. "ನಿಮ್ಮ ಮನೆಯಲ್ಲಿ ಸೌದೆ ಒಲೆ ಇದೆಯಾ?" ಎಂದು ಅವರೇ ತಿರುಗಿ ಕೇಳಿದರು. ಇಲ್ಲ, ಗ್ಯಾಸು ಎಂದೆ. "ಹಾಗಾದರೆ ಪೇಪರು, ಪುಸ್ತಕ ತುಂಬಿ ಮೂಲೆಗೆ ಇಡಬೇಡಿ. ದಿನಾ ಈರುಳ್ಳಿಯನ್ನೋ ತರಕಾರಿಯನ್ನೋ ಹಾಕಿ ತೆಗೆಯುತ್ತಿರಿ, ಕೈ ಆಡುತ್ತಿರಬೇಕು. ಮಳೆಗಾಲ ಕಳೆದ ಕೂಡಲೇ ಎರಡು ದಿನ ಬಿಸಿಲಿಗೆ ಇಡಿ. ಅಡಿ ಮೇಲೆ ಮಾಡಿ ಇಡಿ, ಹುಳ ಮೊದಲು ಅಲ್ಲೇ ಬೀಳೋದು."