ಕಿಟಕಿಯ ಗಾಜು, ಪುಟ್ಟಿಯ ಚಾಕು

ಬೆಳಗಿನ ಜಾವ ಇಷ್ಟಲಿಂಗ ಪೂಜೆಗೆ ಕುಳಿತಾಗ ಮೂಡಣದ ಕಿಟಕಿಯ ಬೆಳಕು ಅಂಗೈಯ ಮೇಲೆ ಬೀಳಬೇಕೆಂಬುದು ಮನೆ ಕಟ್ಟಿಸುವ ನಮ್ಮ ಬಂಧುಗಳಲ್ಲಿ ಅನೇಕರ ಆಸೆ. ನಮ್ಮ ಮನೆಯಲ್ಲಿಯೂ ಅಂಥದೊಂದು ಕಿಟಕಿಯಿದೆ. ಕೆಲವು ವರ್ಷಗಳ ಹಿಂದೆ ಆಷಾಢದ ಗಾಳಿ ಬಿರುಸಾಗಿದ್ದ ಒಂದು ಸಂಜೆ, ಆ ಕಿಟಕಿಯ ಕೆಳಗಣ ಗಾಜು ಇಡಿಯಾಗಿ ಕಳಚಿ ಹೊರಗಿನ ಕಟ್ಟೆಯ ಮೇಲೆ ಬಿದ್ದು ಚೂರುಚೂರಾಯಿತು. ಅದೇ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದ ಮಕ್ಕಳು ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಬಂದು ಅರ್ಧ ಗಳಿಗೆಯೂ ಆಗಿರಲಿಲ್ಲ.

ಗಾಳಿ ಬೀಸಿದ್ದು ಪಡುವಣದಿಂದ. ಗಾಜು ಬಿದ್ದದ್ದು ಮೂಡಣದಲ್ಲಿ. ಇದು ಹೇಗೆಂದು ಮೊದಲು ನಮಗೂ ಆಶ್ಚರ್ಯವೇ ಆಯಿತು. ಮನೆಯನ್ನು ಹಾಯ್ದು ಹೋಗುವ ಗಾಳಿಯು ಎದುರಿನ ಗೋಡೆಯನ್ನು ಒತ್ತುವಂತೆಯೇ ಹಿಂದಿನ ಗೋಡೆಯನ್ನು ಹೊರಕ್ಕೆ ಸೆಳೆಯುತ್ತದೆ ಎಂಬುದನ್ನು ಆಮೇಲೆ ಅರಿತೆವು. ಹಾಗೆ ಸೆಳೆದಾಗ ಗಾಜನ್ನು ಹಿಡಿದು ನಿಲ್ಲಿಸುವುದು ಹೊರಗಡೆಯಿಂದ ಮೆತ್ತಿದ ಪುಟ್ಟಿ ಮತ್ತು ಅದರೊಳಗೆ ಅಡಗಿರುವ ಸಣ್ಣ ಮೊಳೆಗಳು ಮಾತ್ರ. ನಮ್ಮ ಕಿಟಕಿಯಲ್ಲಿ ಮೊಳೆಗಳು ಎರಡೇ ಇದ್ದವು. ಕೆಳಗಿನ ಅಂಚಿನ ಪುಟ್ಟಿ ನೀರು ಕುಡಿದು ಸೀಳಿ, ಎಂದೋ ಉದುರಿಹೋಗಿತ್ತು. ಗಾಜಿನ ಬೆನ್ನಿಗೆ, ಅಂದರೆ ಗಾಜು ಮತ್ತು ಕಟ್ಟಿಗೆಯ ನಡುವೆ, ಇರಬೇಕಾದ ಮೆತ್ತನೆಯ ಹಾಸು ಇರಲೇ ಇಲ್ಲ.

ತಪ್ಪು ಯಾರದು? ಗಾಜು ಕೂಡ್ರಿಸಲು ಬಂದವನು ಕೇಳಿದ ಕೂಲಿಯನ್ನು ಕಂಡು, “ಇಷ್ಟು ಮೆತ್ತುವುದಕ್ಕೆ ಎಷ್ಟು ಹೊತ್ತು ಬೇಕಪ್ಪ?” ಎಂದು ಚೌಕಾಸಿ ಮಾಡಿದವರು ನಾವೇ. ಅವನು ನಾವು ಕೊಟ್ಟ ಹಣಕ್ಕೆ ಸರಿಯಾಗಿ ಕೆಲಸ ಮಾಡಿಹೋದ. ಕಣ್ಣಿಗೆ ಕಾಣುವ ಹೊರಗಿನ ಗೆರೆಯನ್ನು ಎಳೆದ. ಕಾಣದ ಒಳಗಿನ ಹಾಸನ್ನು ಬಿಟ್ಟ.

ಎರಡನೆಯ ಸಲ ಆ ಕೆಲಸಕ್ಕೆ ಕರೆಸಿದ್ದು ಕುಷ್ಟಗಿ ಕಡೆಯ ಒಬ್ಬ ವೃದ್ಧ ಬಡಿಗರನ್ನು. ಅವರು ಚೀಲದಿಂದ ತೆಗೆದ ಉಪಕರಣ ಒಂದು ಗೇಣಿಗಿಂತ ಉದ್ದವಿರಲಿಲ್ಲ: ಕಟ್ಟಿಗೆಯ ಹಿಡಿ, ಅದಕ್ಕೆ ತೆಳ್ಳನೆಯ ಉಕ್ಕಿನ ಅಲಗು, ಅಲಗಿನ ತುದಿ ಒಂದು ಮೂಲೆಯಲ್ಲಿ ಓರೆಯಾಗಿ ಕತ್ತರಿಸಿದ್ದು. ಇದೇ ಪುಟ್ಟಿಯ ಚಾಕು. ಚಾಕು ಎಂದರೂ ಇದಕ್ಕೆ ಹರಿತವಿಲ್ಲ. ಕತ್ತರಿಸುವುದು ಇದರ ಕೆಲಸವಲ್ಲ. ಒತ್ತುವುದು ಮತ್ತು ಸವರುವುದು ಇದರ ಕೆಲಸ. ನಮ್ಮ ಕಡೆ ಪುಟ್ಟಿಯೆಂದರೆ ಬುಟ್ಟಿ. ಆದ್ದರಿಂದ “ಪುಟ್ಟಿ ತರಿಸಿರಿ” ಎಂದು ಆ ಹಿರಿಯರು ಹೇಳಿದಾಗ ಮನೆಯ ಹೆಣ್ಣುಮಕ್ಕಳು ರೊಟ್ಟಿಯ ಬುಟ್ಟಿಯನ್ನು ತಂದಿಟ್ಟದ್ದೂ ನಡೆಯಿತು! ಇಲ್ಲಿ ಹೇಳುವ ಪುಟ್ಟಿ ಗಾಜಿಗೆ ಮೆತ್ತುವ ಕಣಕ.

ಆ ಕಣಕದ ಗುಟ್ಟು ನಮ್ಮ ಅಡುಗೆಮನೆಯಲ್ಲಿಯೇ ಇದೆ. ಸಾಂಪ್ರದಾಯಿಕ ಪುಟ್ಟಿಯಲ್ಲಿ ಇರುವುದು ಎರಡೇ ವಸ್ತು: ನುಣ್ಣಗೆ ಅರೆದ ಸೀಮೆಸುಣ್ಣದ ಹುಡಿ ಮತ್ತು ಅಗಸೆ ಎಣ್ಣೆ. ತೂಕದಲ್ಲಿ ಸುಮಾರು ೮೫ ಪಾಲು ಹುಡಿಗೆ ೧೫ ಪಾಲು ಎಣ್ಣೆ. ಜೋಳದ ರೊಟ್ಟಿಯ ಜೊತೆಗೆ ನಾವು ಅಗಸೆ ಹಿಂಡಿಯನ್ನು ಹಚ್ಚಿಕೊಳ್ಳುತ್ತೇವಲ್ಲ, ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಹಿಂಗಾರಿಗೆ ನೀಲಿ ಹೂ ಬಿಡುವ ಅದೇ ಅಗಸೆ. ಇದರ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೊಲೆನಿಕ್ ಆಮ್ಲ. ಇಂದು ವೈದ್ಯರು ಒಮೆಗಾ-೩ ಎಂದು ಹೊಗಳುವುದು ಇದನ್ನೇ. ಈ ಆಮ್ಲವು ಗಾಳಿಯಲ್ಲಿನ ಆಮ್ಲಜನಕವನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಕುಟ್ಟಿದ ಹಿಂಡಿಯನ್ನು ಬಹಳ ದಿನ ಇಟ್ಟರೆ ಕಮಟು ವಾಸನೆ ಬರುವುದು ಅದರಿಂದ; ಪುಟ್ಟಿಯು ಕ್ರಮೇಣ ಕಲ್ಲಿನಂತೆ ಗಟ್ಟಿಯಾಗುವುದೂ ಅದರಿಂದಲೇ. ನೀರು ಆರಿದಂತೆ ಎಣ್ಣೆ ಆರಿಹೋಗುವುದಿಲ್ಲ. ಗಾಳಿಯನ್ನು ಕುಡಿದು ತಾನೇ ಹೆಪ್ಪುಗಟ್ಟುತ್ತದೆ. ಆದರೆ ಅಂಗಡಿಯಲ್ಲಿ ಬಣ್ಣದ ಕೆಲಸಕ್ಕೆಂದು ಮಾರುವ ‘ಕಾಯಿಸಿದ’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದನ್ನು ಅಡುಗೆಮನೆಯ ಹತ್ತಿರವೂ ಸುಳಿಯಗೊಡಬಾರದು.

ಹುಡಿಗೆ ಅಂಟು ಬೆರೆಸಿ, ಕೈಯಿಂದ ಒತ್ತಿ, ಒಣಗಿಸುವ ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರವಾದ ಕಟ್ಟಿಗೆಯ ಬೊಂಬೆಗಳನ್ನೂ ದೇವರ ಮೂರ್ತಿಗಳನ್ನೂ ಮಾಡುವಾಗ, ಸೆಣಬಿನ ನಾರಿನ ಪುಡಿ ಮತ್ತು ಕಟ್ಟಿಗೆಯ ಹೊಟ್ಟಿಗೆ ಹುಣಿಸೆ ಬೀಜದ ಅಂಟನ್ನು ಬೆರೆಸಿ ‘ಕಿಟ್ಟ’ವನ್ನು ಸಿದ್ಧಮಾಡುತ್ತಾರೆ. ಸಂದುಗಳನ್ನು ಮುಚ್ಚುವುದೂ ಒಡವೆ ವಸ್ತ್ರಗಳ ಉಬ್ಬನ್ನು ಮೂಡಿಸುವುದೂ ಅದರಿಂದಲೇ. ಕಿಟ್ಟಕ್ಕೂ ಪುಟ್ಟಿಗೂ ಇರುವ ವ್ಯತ್ಯಾಸ ಒಂದೇ. ಹುಣಿಸೆಯ ಅಂಟು ನೀರಿಗೆ ಕರಗುತ್ತದೆ. ಆದ್ದರಿಂದ ಕಿನ್ನಾಳದ ಬೊಂಬೆ ಸೂರಿನ ಕೆಳಗಿನ ವಸ್ತು. ಮಳೆಗೆ ಮುಖವೊಡ್ಡಿ ನಿಲ್ಲುವ ಕಿಟಕಿಗೆ ಎಣ್ಣೆಯ ಅಂಟೇ ಬೇಕು.

ಮಳೆ ಕಡಿಮೆಯಿರುವ ಸೀಮೆಯಲ್ಲಿ ಇಷ್ಟು ಜಾಗರೂಕತೆ ಏಕೆ ಎಂದು ಕೆಲವರು ಕೇಳಬಹುದು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನಷ್ಟೇ ಮಳೆ ಕಾಣುವ ನಾಡು ನಮ್ಮದು, ನಿಜ. ಆದರೆ ನಮ್ಮ ಮಳೆ ಗಾಳಿಯನ್ನು ಜೊತೆಗೆ ಕರೆತಂದು ಅಡ್ಡಲಾಗಿ ಹೊಡೆಯುತ್ತದೆ. ಬೇಸಿಗೆಯ ಬಿಸಿಲು ಕಟ್ಟಿಗೆಯನ್ನು ಕುಗ್ಗಿಸುತ್ತದೆ, ಮಳೆಗಾಲ ಹಿಗ್ಗಿಸುತ್ತದೆ. ಗಾಜು ಮಾತ್ರ ಹೆಚ್ಚು ಕದಲದು. ಈ ಎಳೆದಾಟವನ್ನು ನಡುವೆ ನಿಂತು ಸಹಿಸಬೇಕಾದುದು ಪುಟ್ಟಿ. ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದನ್ನು ಕಂಡವರಿಗೆ ಇಲ್ಲಿಯ ಗಾಳಿಯ ಬಲವನ್ನು ಬೇರೆ ಹೇಳಬೇಕಾಗಿಲ್ಲ.

ಗಾಜಿನ ಕಿಟಕಿ ನಮ್ಮ ಊರುಗಳಿಗೆ ಬಂದದ್ದು ತಡವಾಗಿ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನರು ಕಲ್ಲುಚಪ್ಪಡಿಗಳಿಂದ ನಿಲ್ಲಿಸಿದ ಕೋಣೆಗಳಲ್ಲಿ ದುಂಡನೆಯ ಕಿಂಡಿಗಳಿವೆ. ಇಟಗಿಯಲ್ಲಿ ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇವಾಲಯದ ಕಲ್ಲಿನ ಕುಸುರಿಯನ್ನಂತೂ ನಾವೆಲ್ಲರೂ ಬಲ್ಲೆವು. ಜನಸಾಮಾನ್ಯರ ಮಣ್ಣಿನ ಮಾಳಿಗೆಯ ಮನೆಗೆ ಬೆಳಕು ಬರುತ್ತಿದ್ದುದು ಮೇಲಿನ ಬೆಳಕಿಂಡಿಯಿಂದ. ಆ ಬೆಳಕಿಂಡಿಗೆ ಒಂದು ಗಾಜಿನ ತುಂಡು ಮುಚ್ಚಿದ ದಿನವೇ ಎಷ್ಟೋ ಮನೆಗಳಿಗೆ ಗಾಜಿನ ಮೊದಲ ಪ್ರವೇಶ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಗಂಗಾವತಿಯ ಹೊಲಗಳನ್ನು ಗದ್ದೆಯಾಗಿಸಿದ ನಂತರ ಆ ಭಾಗದಲ್ಲಿ ಕಾಂಕ್ರೀಟಿನ ಮನೆಗಳೂ ಕಬ್ಬಿಣದ ಕಿಟಕಿಗಳೂ ಹೆಚ್ಚಿದವು. ಕಬ್ಬಿಣದ ಚೌಕಟ್ಟಿಗೆ ಕಟ್ಟಿಗೆಯ ಪುಟ್ಟಿ ಆಗದು ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕಟ್ಟಿಗೆ ಸ್ವಲ್ಪ ಎಣ್ಣೆಯನ್ನು ಹೀರಿಕೊಂಡು ಪುಟ್ಟಿ ಗಟ್ಟಿಯಾಗಲು ನೆರವಾಗುತ್ತದೆ, ಕಬ್ಬಿಣ ಹೀರದು. ಅದಕ್ಕೆಂದೇ ಬೇರೆ ಪುಟ್ಟಿ ದೊರೆಯುತ್ತದೆ, ಕೇಳಿ ಕೊಳ್ಳಬೇಕು.

ಇನ್ನು ಆ ಹಿರಿಯರು ಕೆಲಸ ಮಾಡಿದ ರೀತಿ. ಮೊದಲು ಹಳೆಯ ಪುಟ್ಟಿಯನ್ನೆಲ್ಲ ಕೆರೆದು, ಚೌಕಟ್ಟಿನ ಕಚ್ಚನ್ನು ಬರಿಗಟ್ಟಿಗೆ ಕಾಣುವವರೆಗೆ ಶುದ್ಧಮಾಡಿದರು. ಆ ಬರಿಗಟ್ಟಿಗೆಗೆ ಅಗಸೆ ಎಣ್ಣೆಯನ್ನು ಸವರಿ ಒಂದು ದಿನ ಬಿಟ್ಟರು. ಹಾಗೆ ಮಾಡದಿದ್ದರೆ ಒಣ ಕಟ್ಟಿಗೆ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಉಳಿಯುವುದು ಬರಿಯ ಸುಣ್ಣದ ಹುಡಿ. ಗಾಜನ್ನು ಕಚ್ಚಿನ ಅಳತೆಗಿಂತ ಎರಡು ಮೂರು ಮಿಲಿಮೀಟರು ಚಿಕ್ಕದಾಗಿಯೇ ಕೊಯ್ಸಿದ್ದರು. ಬಿಗಿಯಾಗಿ ಕುಳಿತ ಗಾಜು ಮಳೆಗಾಲದಲ್ಲಿ ಕಟ್ಟಿಗೆ ಹಿಗ್ಗಿದಾಗ ಬಿರಿಯುತ್ತದಂತೆ.

ಮರುದಿನ ಪುಟ್ಟಿಯನ್ನು ಅಂಗೈಯಲ್ಲಿ ನಾದತೊಡಗಿದರು. ರೊಟ್ಟಿಯ ಹಿಟ್ಟನ್ನು ನಾದುವವರಿಗೆ ಈ ಹದ ಕೂಡಲೇ ತಿಳಿಯುತ್ತದೆ: ಕೈಗೆ ಅಂಟಬಾರದು, ಬಾಗಿಸಿದರೆ ಬಿರಿಯಬಾರದು. ಅದನ್ನು ಹುರಿಯಾಗಿ ಹೊಸೆದು ಕಚ್ಚಿನ ಸುತ್ತಲೂ ಹೆಬ್ಬೆರಳಿನಿಂದ ಒತ್ತಿದರು. ಇದೇ ನಾವು ಹಿಂದಿನ ಸಲ ಚೌಕಾಸಿಯಲ್ಲಿ ಕಳೆದುಕೊಂಡ ಹಾಸು. ಅದರ ಮೇಲೆ ಗಾಜನ್ನಿಟ್ಟು ನಡುವೆ ಮುಟ್ಟದೆ, ಅಂಚುಗಳನ್ನು ಮಾತ್ರ ಮೆಲ್ಲಗೆ ಅದುಮಿದರು. ಹೆಚ್ಚಿನ ಪುಟ್ಟಿ ಒಳಗಡೆಗೆ ಹಿಂಡಿ ಬಂದು, ಎರಡು ಮಿಲಿಮೀಟರಿನಷ್ಟು ತೆಳುವಾದ ಪದರ ಉಳಿಯಿತು. ಬಳಿಕ ತಲೆಯಿಲ್ಲದ ಸಣ್ಣ ಮೊಳೆಗಳನ್ನು ಗೇಣಿಗೊಂದರಂತೆ ಹೊಡೆದರು. ಸುತ್ತಿಗೆಯಿಂದಲ್ಲ, ಉಳಿಯ ಪಕ್ಕೆಯಿಂದ; ಅದು ಗಾಜಿನ ಮೈಮೇಲೆಯೇ ಜಾರುತ್ತಿರುವುದರಿಂದ ಗಾಜಿಗೆ ಪೆಟ್ಟು ಬೀಳದು.

ಚಾಕುವಿನ ಸರದಿ ಬಂದದ್ದು ಆಗ. ಹೊರಗಡೆಯಿಂದ ಇನ್ನೊಂದು ಹುರಿಯನ್ನು ಒತ್ತಿ ತುಂಬಿ, ಅಲಗಿನ ಒಂದು ಮೂಲೆಯನ್ನು ಗಾಜಿನ ಮೇಲೂ ಮಗ್ಗುಲನ್ನು ಕಟ್ಟಿಗೆಯ ಅಂಚಿನ ಮೇಲೂ ಊರಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಲ್ಲಿಸದೆ ಎಳೆದರು. ಅಲಗು ಸ್ವಲ್ಪ ಬಾಗಿತು; ಹಿಂದೆ ನುಣುಪಾದ ಇಳಿಜಾರು ಮೂಡುತ್ತ ಬಂದಿತು. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಬೀಳುತ್ತದೆ. ಆ ಗೆರೆಯಲ್ಲಿಯೇ ಮೊದಲ ಸೀಳು ಕಾಣಿಸಿಕೊಳ್ಳುವುದು. ಅಲಗಿಗೆ ಅಂಟದಿರಲೆಂದು ಆಗಾಗ ಎಣ್ಣೆಯ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು. ನಾಲ್ಕು ಮೂಲೆಗಳಲ್ಲಿ ಎರಡು ಇಳಿಜಾರುಗಳು ಕೂಡುವ ಓರೆಗೆರೆಯನ್ನು ಅವರು ಅಲಗಿನ ತುದಿಯಿಂದ ಒಂದೇ ಸಲ ಒತ್ತಿ ತೀರಿಸಿದ್ದು ಕಣ್ಣಿಗೆ ಹಬ್ಬವಾಗಿತ್ತು. ನಾವೂ ಒಂದು ಅಂಚನ್ನು ಪ್ರಯತ್ನಿಸಿದೆವು. ಅದು ಎತ್ತು ತುಳಿದ ಬದುವಿನಂತಾಯಿತು! ಹಿರಿಯರು ನಗದೆ, ಅದನ್ನು ಕಿತ್ತು ಮತ್ತೆ ನಾದಿಕೊಂಡರು.

ಈ ಇಳಿಜಾರು ಬರಿಯ ಅಂದಕ್ಕಲ್ಲ. ಗಾಜಿನ ಮೇಲೆ ಹರಿದುಬಂದ ನೀರು ಅಲ್ಲಿ ನಿಲ್ಲದೆ ಹೊರಕ್ಕೆ ಜಾರಬೇಕು. ಇಳಿಜಾರು ಚಪ್ಪಟೆಯಾದರೆ ಅಥವಾ ತಗ್ಗಾದರೆ ನೀರು ಅಲ್ಲಿಯೇ ಕುಳಿತು ಕೆಳಗಿನ ಪಟ್ಟಿಯನ್ನು ಕೊಳೆಯಿಸುತ್ತದೆ. ಸಾಗುವಾನಿಯೇ ಆಗಿದ್ದರೂ ಕಾಲಕ್ರಮದಲ್ಲಿ ಅದು ಸೋಲುತ್ತದೆ. ಪುಟ್ಟಿಯ ಅಂಚು ಒಳಗಿನಿಂದ ನೋಡಿದಾಗ ಕಾಣಬಾರದೆಂದು ಕಟ್ಟಿಗೆಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸುವರು. ಒಂದೆರಡು ವಾರ ಬಿಟ್ಟು ಮೇಲೆ ಕೆನೆಗಟ್ಟಿದ ನಂತರ ಬಣ್ಣ ಬಳಿಯುವಾಗ, ಬಣ್ಣವು ಗಾಜಿನ ಮೇಲೆ ಎರಡು ಮಿಲಿಮೀಟರು ಹತ್ತಿಕೊಳ್ಳುವಂತೆ ನೋಡಿಕೊಳ್ಳಬೇಕು. ಆ ಸಣ್ಣ ಬಣ್ಣದ ಅಂಚೇ ನೀರಿಗೆ ಕೊನೆಯ ತಡೆ. ಗಾಜು ಚೊಕ್ಕವಾಗಲೆಂದು ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುವ ಗೃಹಸ್ಥರನ್ನು ನಾವು ಕಂಡಿದ್ದೇವೆ.

ಕೈ ಪಳಗದವರಿಗಾಗಿ ಇನ್ನೊಂದು ಬಗೆಯ ಚಾಕು ಇದೆ. ಅದರ ತುದಿ ಇಂಗ್ಲಿಷಿನ ವಿ ಅಕ್ಷರದಂತೆ ಮಡಿಚಿರುತ್ತದೆ. ಓರೆಯ ಕೋನವು ಉಪಕರಣದಲ್ಲಿಯೇ ಅಡಕವಾಗಿರುವುದರಿಂದ ಅಂಚಿಗೆ ಊರಿ ಎಳೆದರೆ ಸಾಕು. ಮನೆಯಲ್ಲಿ ಒಂದೆರಡು ಗಾಜು ಹಾಕಿಕೊಳ್ಳುವವರಿಗೆ ಇದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಕಸುಬುದಾರರು ಮಾತ್ರ ಸಾದಾ ಅಲಗನ್ನೇ ಮೆಚ್ಚುವರು. ಕಬ್ಬಿಣ ಕೊಯ್ಯುವ ಗರಗಸದ ಹಳೆಯ ಬ್ಲೇಡನ್ನು ಮುರಿದು, ಕಲ್ಲಿಗೆ ಮಸೆದು ತಾವೇ ಚಾಕು ಮಾಡಿಕೊಳ್ಳುವವರೂ ಇದ್ದಾರೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣ, ಸೂಜಿಕಾಯಕದ ರಾಮಿತಂದೆ ಎಂಬ ಹೆಸರುಗಳಿವೆ. ಬಡಿಗನ ಬಾಚಿ, ಹೊಲಿಯುವವನ ಸೂಜಿ. ತಂದೆಯ ಹೆಸರಿಗಿಂತಲೂ ಊರಿನ ಹೆಸರಿಗಿಂತಲೂ ಮೊದಲು ಕೈಯಲ್ಲಿನ ಉಪಕರಣವೇ ಇವರ ಗುರುತಾಯಿತು. ಅನುಭವ ಮಂಟಪದ ಈ ಹಿರಿಯರನ್ನು ವೇದಿಕೆಯ ಮೇಲೆ ನೆನೆಯುವ ನಾವು, ಮನೆಯ ಬಾಗಿಲಲ್ಲಿ ನಿಂತ ಬಡಿಗನೊಡನೆ ಕಾಣದ ಹಾಸಿನ ಕೂಲಿಗಾಗಿ ವಾದಿಸಿದ್ದನ್ನು ನೆನೆದರೆ ಇಂದಿಗೂ ಮುಜುಗರವಾಗುತ್ತದೆ. ಈಗ ಅಲ್ಯುಮಿನಿಯಂ ಕಿಟಕಿಗಳು ಬಂದಿವೆ. ಅವಕ್ಕೆ ರಬ್ಬರಿನ ಪಟ್ಟಿ ಸಾಕು, ಪುಟ್ಟಿ ಬೇಡ. ಕಟ್ಟಿಗೆಯ ಕಿಟಕಿಗಳಿಗೂ ಈಗ ಅನೇಕರು ಕಟ್ಟಿಗೆಯ ಸಣ್ಣ ಪಟ್ಟಿಯನ್ನೇ ಮೊಳೆ ಹೊಡೆದು ಮುಗಿಸುವರು. ಅದರಲ್ಲಿ ತಪ್ಪೇನಿಲ್ಲ, ಒಳಗೆ ಹಾಸು ಇದ್ದರೆ. ಆದರೆ ಒಂದು ಗಾಜು ಸಡಿಲಾಯಿತೆಂದು ಅಜ್ಜನ ಕಾಲದ ಸಾಗುವಾನಿಯ ಕಿಟಕಿಯನ್ನೇ ಕಿತ್ತು ಗುಜರಿಗೆ ಹಾಕುವುದನ್ನು ಕೊಪ್ಪಳದ ಹಳೆಯ ಓಣಿಗಳಲ್ಲಿ ಕಂಡಾಗ, ಅಂಗೈ ಅಗಲದ ಪುಟ್ಟಿ ಅದನ್ನು ಉಳಿಸುತ್ತಿತ್ತಲ್ಲ ಎನಿಸುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯನ್ನು ಹೀರುವಾಗ ಶಾಖ ಹುಟ್ಟುತ್ತದೆ. ಉಂಡೆಯೊಳಗೆ ಆ ಶಾಖ ಹೊರಹೋಗದೆ, ಬೆಂಕಿ ಸೋಕಿಸದೆಯೇ ಬಟ್ಟೆ ತಾನೇ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಿನಲ್ಲಿ ನೆನೆಸಬೇಕು, ಇಲ್ಲವೆ ಹೊರಗೆ ಬಿಡಿಸಿ ಹರವಿ ಒಣಗಿಸಬೇಕು. ಎರಡನೆಯದು, ಬಹಳ ಹಳೆಯ ಪುಟ್ಟಿಯಲ್ಲಿಯೂ ಬಣ್ಣದಲ್ಲಿಯೂ ಸೀಸ ಇರಬಹುದು. ಕೆರೆಯುವಾಗ ನೀರು ಚಿಮುಕಿಸಿ ಧೂಳೇಳದಂತೆ ನೋಡಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರವಿರಿಸಬೇಕು.

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯ ನಂತರ. ಗಾಳಿ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಆಗ ಮೆತ್ತಿದರೆ ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ನೆಂಟರು ಬರುವಷ್ಟರಲ್ಲಿ ಬಣ್ಣವೂ ಒಣಗಿರುತ್ತದೆ. ಚಾಕು ಕೊಳ್ಳುವವರು ಹಿಡಿಯ ಹೊಳಪನ್ನು ನೋಡದೆ, ಅಲಗನ್ನು ಹೆಬ್ಬೆರಳಿನಿಂದ ಬಾಗಿಸಿ ನೋಡಲಿ. ಬಿಟ್ಟೊಡನೆ ನೆಟ್ಟಗಾದರೆ ಕೊಳ್ಳಬಹುದು.