ಪರನಾಡನ್ನು ತನ್ನದಾಗಿಸಿಕೊಂಡ ‘ದೊಡ್ಡ ಸ್ವಾಮಿ’

ಉದ್ಯೋಗಕ್ಕೆಂದು ಮಕ್ಕಳನ್ನು ಪರದೇಶಗಳಿಗೆ ಬೀಳ್ಕೊಡುವ ನಾವು, ಹಿಂದೊಮ್ಮೆ ಪರದೇಶದಿಂದ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ ಗುರುವೊಬ್ಬರನ್ನು ನೆನೆಯುವುದು ಉಚಿತ. ಅವರೇ ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ.

1792ರಲ್ಲಿ ಭಾರತಕ್ಕೆ ಬಂದ ಅವರು, 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಚದುರಿಹೋಗಿದ್ದ ಕಥೋಲಿಕ ಸಮುದಾಯವನ್ನು ಮರಳಿ ಕಟ್ಟಲು ಇಲ್ಲಿಗೆ ಆಗಮಿಸಿದರು. ಜನರ ವಿಶ್ವಾಸ ಗಳಿಸಲು ಮೊದಲು ತಮ್ಮನ್ನೇ ಬದಲಿಸಿಕೊಂಡರು. ಉಡುಗೆತೊಡುಗೆ, ನಡೆನುಡಿಗಳೆಲ್ಲವೂ ಈ ನಾಡಿನವಾದವು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಬಡ ಕುಟುಂಬಗಳಿಗಾಗಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಸ್ಥಾಪಿಸಿದರು. ಸಿಡುಬಿನ ಲಸಿಕೆಯ ಪ್ರಸಾರಕ್ಕೆ ಶ್ರಮಿಸಿದರು.

ನಮ್ಮ ಜನರ ಆಚಾರವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡಿತು; ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಯಿತು. ಅದರ ಬಹಳಷ್ಟು ಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೆರ್ದೂ ಅವರ ಬರಹವನ್ನು ಆಧರಿಸಿದೆಯೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ.

ಇಷ್ಟು ಹೊಂದಿಕೊಂಡರೂ ಅವರು ಬಯಸಿದ್ದೆಲ್ಲ ಕೈಗೂಡಲಿಲ್ಲ. ಮೂರು ದಶಕ ದುಡಿದು 1823ರಲ್ಲಿ ಸ್ವದೇಶಕ್ಕೆ ಹೊರಟ ಅವರು, ಹೊಸಬರನ್ನು ಕ್ರೈಸ್ತಧರ್ಮಕ್ಕೆ ಕರೆತರುವುದರಲ್ಲಿ ತಮ್ಮ ಯತ್ನ ಫಲಿಸಲಿಲ್ಲವೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಮರೆಮಾಚದೆ ಬರೆದರು. ಮತ್ತೆ ಇತ್ತ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಅವರು ಎಣಿಸಿದ್ದು ಬಾರದ ಜನರನ್ನು. ಉಳಿದುಕೊಂಡ ಕುಟುಂಬಗಳನ್ನು ನಾವು ಎಣಿಸಬೇಕು. ಗಂಜಾಮಿನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಪರನಾಡಿನಲ್ಲಿ ದುಡಿಯುವ ನಮ್ಮ ಮಕ್ಕಳೂ ಆ ನಾಡಿನ ಜನರನ್ನು ಮೊದಲು ಅರಿಯಲಿ. ಫಲ ಕಾಣದ ದಿನಗಳಲ್ಲಿ ಈ ಗುರುವನ್ನು ನೆನೆಯಲಿ.